ತೇವಕ್ಕೆ ಕಳೆ

ಕುಶಾಲನಗರದ ಕಾಫಿ ಕ್ಯೂರಿಂಗ್‌ನಲ್ಲಿ ಮೂವತ್ತೊಂದು ವರ್ಷ
ಚೀಲ ತೂಗಿದವಳು ನಾನು.
ಸೆಣಬಿಗೆ ಒಂದು ಕಿಲೋ ಕಳೆ,
ತೇವಕ್ಕೆ ಕಳೆ, ಕಲ್ಲಿಗೆ, ಕರಿಬೇಳೆಗೆ ಕಳೆ,
ಉಳಿದದ್ದು ಕಾಫಿ.
ದೋಣಿಗೆ ಏನೇನು ಕಳೆಯಬೇಕೆಂದು ಯಾರೂ ಕಲಿಸಿರಲಿಲ್ಲ.

ಅದು ನಿಂತಿರುವುದು ಗುಡ್ಡೆಹೊಸೂರಿನ ಸಾಮಿಲ್ ಹಿಂದೆ,
ಸಿಲ್ವರ್ ಓಕ್ ದಿಮ್ಮಿಗಳ ಪಕ್ಕ, ನೀಲಿ ಟಾರ್ಪಾಲು ಹೊದ್ದು.
ಇಪ್ಪತ್ತನಾಲ್ಕು ಅಡಿ, ಫೈಬರ್ ಮೈ,
ಹುಟ್ಟಿದ್ದು ನಾನು ಕೆಲಸಕ್ಕೆ ಸೇರಿದ ವರ್ಷ.
ಪೆಮ್ಮಯ್ಯ ಯಾವುದೋ ಹುಮ್ಮಸ್ಸಿಗೆ ಗೋವೆಯಿಂದ ತರಿಸಿ,
ಸಂಪಾಜೆಯ ತಿರುವುಗಳಲ್ಲಿ ಲಾರಿ ಹಿಂದೆ ಮುಂದೆ ಮಾಡಿಸಿ,
ಹಾರಂಗಿ ಹಿನ್ನೀರಿಗೆ ಇಳಿಸುವ ಮೊದಲೇ
ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ.
ಈಗ ಮೂರೂವರೆ ಲಕ್ಷಕ್ಕೆ ಕೊಡುತ್ತಾನಂತೆ.
ಟಾರ್ಪಾಲು ಪುಕ್ಕಟೆ.

ಚೋಂದಮ್ಮನಿಗೆ ಬೇಕು.
ನನ್ನ ಚಿಕ್ಕಪ್ಪನ ಮಗಳು, ನೌಕಾಪಡೆಯ ಆಸ್ಪತ್ರೆಯಲ್ಲಿ ದಾದಿಯಾಗಿದ್ದವಳು,
ಕಾರವಾರದ ಭಾನುವಾರಗಳಲ್ಲಿ ಹಾಯಿ ಹಿಡಿಯಲು ಕಲಿತವಳು.
ಇಂದಿಗೂ ಕಾಫಿ ಲೋಟವನ್ನು ಮೇಜಿನ ನಟ್ಟನಡುವೆಯೇ ಇಡುತ್ತಾಳೆ.
"ಕಾರವಾರದಿಂದ ಕೊಚ್ಚಿ. ಕತ್ತಲಾದರೆ ಲಂಗರು, ಹಸಿದರೆ ಮೀನು.
ಸಾಹುಕಾರರ ದೋಣಿಯ ಒಂದು ಬಾಗಿಲಿನ ದುಡ್ಡಿಗೆ
ಇಡೀ ದೋಣಿ, ಮುತ್ತಕ್ಕ."

ಅಸೈನಾರನನ್ನು ಕರೆದೆವು. ಈಗ ಜೀಪು ರಿಪೇರಿ,
ಒಂದು ಕಾಲಕ್ಕೆ ಬೇಪೂರಿನಲ್ಲಿ ಉರುವಿಗೆ ಮೊಳೆ ಹೊಡೆದ ಕೈ.
ಐದು ರೂಪಾಯಿಯ ನಾಣ್ಯ ಹಿಡಿದು ಮೈಯುದ್ದಕ್ಕೂ ಕುಟ್ಟುತ್ತ ಹೋದ.
ಠಣ್. ಠಣ್. ಠಣ್.
ಹಾಯಿಗಂಬದ ಬುಡದಲ್ಲಿ: ದಬ್.
ಹಲಸು ಕುಟ್ಟಿ ನೋಡಿದವಳು ನಾನೂ.
ಹಲಸು ದಬ್ ಅಂದರೆ ಅಂಗಳದಲ್ಲಿ ಮಕ್ಕಳ ಹಬ್ಬ,
ದೋಣಿ ದಬ್ ಅಂದರೆ
ಫೈಬರಿನ ನಡುವೆ ಇಟ್ಟ ಮರ ನೀರು ಕುಡಿದು ಮಲಗಿದೆ ಎಂದರ್ಥ.

ರಾತ್ರಿ ಹಳೆಯ ತೂಕದ ಪುಸ್ತಕದಲ್ಲಿ ಗೆರೆ ಎಳೆದೆ.
ಬೇಡದ ಕಡೆ:
ಕಂಬದ ಬುಡ. ಅಡಿಯ ಕಬ್ಬಿಣಕ್ಕೆ ಹಪ್ಪಳದಂಥ ತುಕ್ಕು.
ಒದರಿದರೆ ಹಿಟ್ಟು ಉದುರುವ ಹಾಯಿ.
ಒಳಗೆ ನೆಟ್ಟಗೆ ನಿಲ್ಲಲಾಗದು; ಪಾಯಿಖಾನೆ ಎಂದರೆ ಬಕೆಟ್ಟು.
ಇಂಜಿನ್ ಇಲ್ಲ, ಗಾಳಿ ಸತ್ತರೆ ನಿಂತಲ್ಲೇ ನಾವು.
ಕಣಜದ ಗೂಡು, ಎರಡು.
ನನಗೆ ಈಜು ಬಾರದು
(ಇದು ದೋಣಿಯ ತಪ್ಪೇ? ಇರಲಿ, ಬರೆದೆ).
ಬೇಕಿನ ಕಡೆ:
ಸಣ್ಣದು, ಕೆಟ್ಟದ್ದೆಲ್ಲ ಕೈಗೆಟಕುತ್ತದೆ.
ಚುಕ್ಕಾಣಿ ಹೊರಗೇ ಇದೆ, ಬಿಚ್ಚಿ ತೊಳೆದು ಸಿಕ್ಕಿಸಬಹುದು.
ಆಮೇಲೆ ಬಹಳ ಹೊತ್ತು ಪೆನ್ನು ಹಿಡಿದು ಕೂತು
"ಚೋಂದಮ್ಮ" ಎಂದು ಬರೆದು, ಹೊಡೆದು ಹಾಕಿದೆ.
ಹೆಸರಿಗೆ ಕಾಲಮ್ಮು ಇರುವುದಿಲ್ಲ.

ನನಗೆ ಬರುವ ವಿದ್ಯೆ ಒಂದೇ.
ಬೆಳಿಗ್ಗೆ ಟಯರಿಗೆ ಗಾಳಿ ಹೊಡೆಸಿ, ಅಸೈನಾರನ ಜೀಪಿಗೆ ಕಟ್ಟಿಸಿ,
ದೋಣಿಯನ್ನು ವೇಬ್ರಿಡ್ಜಿಗೆ ಏರಿಸಿದೆ.
ಕಾಗದದ ತೂಕ ಹದಿನಾರು ನೂರು ಕಿಲೋ.
ಟ್ರೇಲರ್ ಕಳೆದು ಬಂದದ್ದು ಹದಿನೇಳು ನೂರ ತೊಂಬತ್ತು.
ಪೆಮ್ಮಯ್ಯ ಊರುಗೋಲಿನ ಮೇಲೆ ಬಾಗಿ "ಧೂಳಿರಬೇಕು" ಅಂದ.
"ತೇವ," ಅಂದೆ. "ತೇವಕ್ಕೆ ಕಳೆ."
ಮೂವತ್ತೊಂದು ವರ್ಷದ ದನಿ ಅದು,
ಎಸ್ಟೇಟಿನವರು ಅದಕ್ಕೆ ಎದುರಾಡಿದ್ದಿಲ್ಲ.
ಎರಡು ಅರವತ್ತಕ್ಕೆ ಇಳಿದ.

ನಾನಿನ್ನೂ ಹೂಂ ಅಂದಿರಲಿಲ್ಲ.
ಅಷ್ಟರಲ್ಲಿ ಚೋಂದಮ್ಮ ಏಣಿ ಹತ್ತಿ ಒಳಹೊಕ್ಕು,
ಬೆನ್ನು ಬಗ್ಗಿಸಿಕೊಂಡೇ ಆ ಬದಿಗೆ, ಈ ಬದಿಗೆ ಓಡಾಡತೊಡಗಿದಳು.
ಟ್ರೇಲರ್ ಕಿರುಗುಟ್ಟಿತು, ದೋಣಿ ಮೆಲ್ಲಗೆ ತೂಗಿತು.
ತೂಗುವುದು: ನಮ್ಮಲ್ಲಿ ತಕ್ಕಡಿಗೂ ತೊಟ್ಟಿಲಿಗೂ ಒಂದೇ ಮಾತು,
ಇಷ್ಟು ವರ್ಷ ನಾನು ಅರ್ಧವನ್ನೇ ಬಳಸಿದ್ದೆ.
ಕೆಂಪು ಅಂಕಿ ಏರಿತು, ಇಳಿಯಿತು, ನಿಲ್ಲಲೊಲ್ಲದು.
ಗಾಜಿನ ಹಿಂದಿನಿಂದ ಹುಡುಗ ಕೂಗಿದ:
"ಅಕ್ಕಾ, ಅವರಿಗೆ ಸುಮ್ಮನೆ ಕೂರೋಕೆ ಹೇಳಿ,
ತೂಕ ಸಿಕ್ತಾ ಇಲ್ಲ."
ನಾನು ಹೇಳಲಿಲ್ಲ.